ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ, ಆಸ್ಪತ್ರೆ ಗೇಟಲ್ಲಿ ಇದೆ



ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ವಿಷಯ ಹತ್ತು ರೂಪಾಯಿದು. ಹತ್ತು ರೂಪಾಯಿಗೆ ಇಷ್ಟೆಲ್ಲಾ ಬರೀಬೇಕಾ ಅನ್ನೋರು ನಮ್ಮಲ್ಲೇ ಇದ್ದಾರೆ, ಗೊತ್ತು. ಮೊನ್ನೆ ಸಭೆಯಲ್ಲಿ ಒಬ್ಬ ಹಿರಿಯರು, "ಏನಪ್ಪಾ, ಜಮೀನು ಹೋರಾಟ ಬಿಟ್ಟು ಪಾರ್ಕಿಂಗ್ ಹೋರಾಟಕ್ಕೆ ಇಳಿದಿದ್ದೀಯಾ" ಅಂತ ನಕ್ಕರು. ನಾನೂ ನಕ್ಕೆ. ಆದ್ರೆ ಮನಸ್ಸಿಂದ ಹೋಗ್ತಿಲ್ಲ, ಅದಕ್ಕೆ ಬರೀತಿದ್ದೀನಿ.

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಚಿಕ್ಕಮ್ಮನಿಗೆ ಉಬ್ಬಸ ಜಾಸ್ತಿ ಆಯ್ತು. ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತೇ ಇದ್ರಂತೆ, ಯಾರನ್ನೂ ಎಬ್ಬಿಸಿಲ್ಲ. ಕೂಲಿ ಮಾಡಿದ ಹೆಂಗಸರ ಅಭ್ಯಾಸ ಇದು, ತಮಗೆ ನೋವಾದ್ರೆ ಬೇರೆಯವರ ನಿದ್ದೆ ಕೆಡಿಸಬಾರದು ಅಂತ. ನಮ್ಮ ಬೀದಿಯ ಆಟೋದವನಿಗೆ ಫೋನ್ ಮಾಡಿದ್ರೆ ಆಗಲೇ ಬಾಡಿಗೆಗೆ ಹೋಗಿದ್ದ. ಬೈಕ್ ತೆಗೆದೆ. ಮಧ್ಯೆ ಚಿಕ್ಕಮ್ಮ, ಹಿಂದೆ ಅವರನ್ನ ತಬ್ಬಿ ಹಿಡ್ಕೊಂಡು ಅವರ ಮಗ. ಮೂರು ಜನ ಕೂರೋದು ತಪ್ಪು ಅಂತ ಗೊತ್ತು. ಕಾನೂನು ಗೊತ್ತಿಲ್ಲದೆ ಅಲ್ಲ.

ಯಾವ ಆಸ್ಪತ್ರೆ ಅಂತ ಬರೆಯಲ್ಲ. ಸರ್ಕಾರಿ ಆಸ್ಪತ್ರೆ, ಅಷ್ಟು ಸಾಕು. ಹೆಸರು ಹಾಕಿದ್ರೆ ಏನಾಗುತ್ತೆ ಅಂತ ನಂಗೊತ್ತು: ನಾಳೆ ಬೆಳಗ್ಗೆ ಗೇಟಲ್ಲಿ ನಿಂತಿರೋ ಒಬ್ಬ ಬಡಪಾಯಿಯನ್ನ ಕೆಲಸದಿಂದ ತೆಗೀತಾರೆ, "ಕ್ರಮ ಕೈಗೊಳ್ಳಲಾಗಿದೆ" ಅಂತಾರೆ, ಮುಗೀತು.

ಗೇಟ್ ಹತ್ರ ಹೋದ ತಕ್ಷಣ ಒಬ್ಬ ಹುಡುಗ ಅಡ್ಡ ಬಂದ. ಕೈಯಲ್ಲಿ ರಸೀದಿ ಬುಕ್ಕು. "ಅಣ್ಣಾ, ಹತ್ತು ರೂಪಾಯಿ." ಜೇಬಲ್ಲಿ ಇದ್ದಿದ್ದು ಐನೂರರ ನೋಟು. ಚಿಲ್ಲರೆ ಇಲ್ಲ ಅಂದ. ಸ್ಕ್ಯಾನ್ ಮಾಡಿ ಅಂತ ಅವನ ಫೋನೇ ಮುಂದೆ ಹಿಡಿದ. ನಂಗೆ ನೆಟ್‌ವರ್ಕ್ ಸಿಗ್ತಿಲ್ಲ. ಹಿಂದೆ ಚಿಕ್ಕಮ್ಮನ ಎದೆಯಿಂದ ಸಿಳ್ಳೆ ಹೊಡೆದ ಹಾಗೆ ಸದ್ದು ಬರ್ತಿದೆ. ಎಮರ್ಜೆನ್ಸಿ ಬಾಗಿಲು ಕಣ್ಣಿಗೆ ಕಾಣೋ ಅಷ್ಟು ದೂರದಲ್ಲಿದೆ, ಅದರ ಮುಂದೆ ಹೊಂಗೆ ಮರದ ನೆರಳಲ್ಲಿ ನಾಲ್ಕು ಕಾರು ನಿಂತಿವೆ, ಸರಪಳಿ ಕಟ್ಟಿದೆ, "ಅಧಿಕಾರಿಗಳ ವಾಹನಗಳಿಗೆ ಮಾತ್ರ" ಅಂತ ಬೋರ್ಡು. ಬೈಕ್ ಎಲ್ಲಿ ನಿಲ್ಲಿಸೋದು ಅಂದ್ರೆ ಕಟ್ಟಡದ ಹಿಂದೆ, ಶವಾಗಾರ ದಾಟಿ.

ನಾನು ಕೂಗಾಡಿದೆ. ಕೆಟ್ಟ ಮಾತು ಅಂದೆ. ಅವನು ತಲೆ ಬಗ್ಗಿಸಿಕೊಂಡು, "ಅಣ್ಣಾ, ನಾನೇನ್ ಮಾಡ್ಲಿ, ಸಾಯಂಕಾಲಕ್ಕೆ ಎಷ್ಟು ರಸೀದಿ ಹರಿದಿದೀನಿ ಅಂತ ಲೆಕ್ಕ ಕೇಳ್ತಾರೆ, ಬೈಕು ಎಷ್ಟು ನಿಂತಿದೆ ಅಂತ ಎಣಿಸ್ತಾರೆ, ಕಮ್ಮಿ ಆದ್ರೆ ನನ್ ಕೂಲೀಲಿ ಹಿಡೀತಾರೆ" ಅಂದ. ಅವನ ಫೋನಿನ ಹಿಂದೆ ಬಾಬಾಸಾಹೇಬರ ಸ್ಟಿಕ್ಕರ್ ಇತ್ತು.

ಅಷ್ಟರಲ್ಲಿ ಚಿಕ್ಕಮ್ಮ ಬೈಕಿಂದ ಇಳಿದು, ಮಗನ ಹೆಗಲು ಹಿಡಿದು ನಡೆಯೋಕೆ ಶುರು ಮಾಡಿದ್ರು. "ಬುಡು ಮಗಾ, ಜಗಳ ಬ್ಯಾಡ" ಅಂದ್ರು. ನಡುವೆ ಎರಡು ಸಲ ಕೂತರು. ವೀಲ್‌ಚೇರ್ ಒಳಗಿತ್ತು, ಅದನ್ನ ಈಚೆಗೆ ತರಬೇಕಂದ್ರೆ ಆಧಾರ್ ಕಾರ್ಡ್ ಅಡ ಇಡಬೇಕಿತ್ತು. ಒಳಗೆ ಹೋದ ಮೇಲೆ ಡಾಕ್ಟ್ರಮ್ಮ ಚೆನ್ನಾಗೇ ನೋಡಿದ್ರು, ಅದನ್ನೂ ಹೇಳಲೇಬೇಕು. ನೆಬ್ಯುಲೈಸರ್ ಹಾಕಿದ್ರು, ಸಂಜೆ ತನಕ ಇಟ್ಕೊಂಡ್ರು. ಈಗ ಚಿಕ್ಕಮ್ಮ ಹುಷಾರಾಗಿದ್ದಾರೆ.

ಜೊತೆಗೆ ಬಂದಿದ್ದ ತಮ್ಮ ಎಲ್ಲಾ ವಿಡಿಯೋ ಮಾಡಿದ್ದ. ಹಾಕಣ್ಣ, ಒಂದೇ ದಿನಕ್ಕೆ ಎಲ್ಲಾ ಕಡೆ ಹೋಗುತ್ತೆ ಅಂದ. ಅದರಲ್ಲಿ ಕಾಣೋದು ಆ ಹುಡುಗನ ಮುಖ ಮತ್ತು ನನ್ನ ಬಾಯಿ. ಗುತ್ತಿಗೆದಾರ ಇಲ್ಲ, ಗುತ್ತಿಗೆ ಕೊಟ್ಟವರಿಲ್ಲ, ಕಾರಿಗೆ ನೆರಳು ಹಂಚಿದವರಿಲ್ಲ. ಡಿಲೀಟ್ ಮಾಡಿಸಿದೆ. ನಮ್ಮವನೇ ಒಬ್ಬನ ಮೇಲೆ ನಮ್ಮವರನ್ನೇ ಛೂ ಬಿಟ್ಟು ಲೈಕ್ ತಗೊಳ್ಳೋದು ಚಳವಳಿ ಅಲ್ಲ.

ಈಗ ಹುಲಿಕುಂಟೆ ಟೋಲ್ ವಿಷಯಕ್ಕೆ ಬರ್ತೀನಿ.

ದಾಬಸ್‌ಪೇಟೆ–ದೊಡ್ಡಬಳ್ಳಾಪುರ ರಸ್ತೆ ಹೆದ್ದಾರಿ ಆಯ್ತು, ಟೋಲ್ ಬಂತು. ನಾವು ದೊಡ್ಡಬೆಳವಂಗಲದವರು ಆ ಟೋಲ್‌ಗೆ ಎಷ್ಟು ಶಾಪ ಹಾಕಿದ್ದೀವಿ ಅಂತ ನಿಮಗೆ ಗೊತ್ತು. ಆದ್ರೂ ಒಂದು ಮಾತು. ರಾಷ್ಟ್ರೀಯ ಹೆದ್ದಾರಿ ಶುಲ್ಕಕ್ಕೆ 2008ರಲ್ಲಿ ಮಾಡಿದ ನಿಯಮಗಳಿವೆ. ಯಾವ ವಾಹನಕ್ಕೆ ಎಷ್ಟು, ಯಾರಿಗೆ ವಿನಾಯಿತಿ, ದೂರು ಇದ್ರೆ ಯಾರಿಗೆ ಕೊಡಬೇಕು, ಎಲ್ಲಾ ಬೋರ್ಡ್ ಮೇಲೆ ಬರೆದು ಹಾಕಬೇಕು. ಆಂಬುಲೆನ್ಸ್‌ಗೆ ವಿನಾಯಿತಿ. ಬೈಕಿಗೆ ಟೋಲ್ ಇಲ್ಲ. 2025ರ ಜೂನ್‌ನಲ್ಲಿ ಬೈಕಿಗೂ ಟೋಲ್ ಹಾಕ್ತಾರಂತೆ ಅಂತ ಸುದ್ದಿ ಹಬ್ಬಿದಾಗ ಕೇಂದ್ರ ಸಚಿವ ಗಡ್ಕರಿ ಅವರೇ ಅದು ಸುಳ್ಳು ಅಂತ ಹೇಳಬೇಕಾಯ್ತು. ಬೈಕಿನವರು ಬಡವರು, ಅವರ ಹತ್ರ ದುಡ್ಡು ಕೇಳಿದ್ರೆ ದೇಶ ಹೊತ್ತಿ ಉರಿಯುತ್ತೆ ಅನ್ನೋದು ದಿಲ್ಲಿಗೂ ಗೊತ್ತು.

ಲಾಭ ಮಾಡೋಕೆ ಅಂತಾನೇ ಇರೋ ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ. ಬಡವರ ಪ್ರಾಣ ಉಳಿಸೋಕೆ ಅಂತ ಇರೋ ಆಸ್ಪತ್ರೆ ಗೇಟಲ್ಲಿ ಇದೆ. ಟೋಲ್‌ನಲ್ಲಿ ದರದ ಬೋರ್ಡ್ ಇದೆ. ಆಸ್ಪತ್ರೆ ಗೇಟಲ್ಲಿ ಇಲ್ಲ. ನನಗೆ ಕೊಟ್ಟ ರಸೀದಿ ಈಗಲೂ ಜೇಬಲ್ಲಿದೆ: "ಪಾರ್ಕಿಂಗ್ ರೂ. 10" ಮತ್ತು "ಹೆಲ್ಮೆಟ್ ಕಳೆದರೆ ನಾವು ಜವಾಬ್ದಾರರಲ್ಲ." ಆಸ್ಪತ್ರೆ ಹೆಸರಿಲ್ಲ, ಮೊಹರಿಲ್ಲ, ದಿನಾಂಕ ಇಲ್ಲ, ಗುತ್ತಿಗೆದಾರನ ಹೆಸರಿಲ್ಲ. ಇಡೀ ಕಾಗದದಲ್ಲಿ ಸ್ಪಷ್ಟವಾಗಿ ಇರೋದು ನಾವು ಜವಾಬ್ದಾರರಲ್ಲ ಅನ್ನೋದೊಂದೇ.

ಜವಾಬ್ದಾರರು ಯಾರು ಹಾಗಾದ್ರೆ? ಚಿಕ್ಕಮ್ಮ ಒಳಗಿದ್ದಾಗ ವಿಚಾರಿಸೋಕೆ ಹೋದೆ. ಹುಡುಗ ಗುತ್ತಿಗೆದಾರನ ಕಡೆ ತೋರಿಸಿದ. ಗುತ್ತಿಗೆದಾರ ಫೋನಲ್ಲಿ, ಸಮಿತಿಯವರು ಕೊಟ್ಟಿರೋದು ಅಂದ. ಕಚೇರಿಯಲ್ಲಿ, ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ ಅಂದ್ರು. ಸಮಿತಿ ಅಂದ್ರೆ ಆರೋಗ್ಯ ರಕ್ಷಾ ಸಮಿತಿ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಸಮಿತಿ ಇರಬೇಕು ಅಂತ ಆಯ್ತು. ಬೇರೆ ರಾಜ್ಯಗಳಲ್ಲಿ ರೋಗಿ ಕಲ್ಯಾಣ ಸಮಿತಿ ಅಂತಾರೆ, ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು, ರಿಪೇರಿ, ಶುಚಿತ್ವ ಇದೆಲ್ಲಾ ಮೇಲಿಂದ ಆದೇಶ ಬರೋ ತನಕ ಕಾಯದೆ ಅಲ್ಲೇ ತೀರ್ಮಾನ ಆಗಲಿ, ಊರಿನವರೂ ಕೂತು ಹೇಳಲಿ ಅನ್ನೋದು ಉದ್ದೇಶ. ಒಳ್ಳೇ ಉದ್ದೇಶವೇ. ರೋಗಿಗಳಿಂದ ಬರೋ ಬಳಕೆದಾರರ ಶುಲ್ಕ ಈ ಸಮಿತಿ ಖಾತೆಗೆ ಹೋಗುತ್ತೆ. ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಶಾಸಕರ ಅಧ್ಯಕ್ಷತೆಯಲ್ಲಿ ಸಭೆ ಆಗುತ್ತೆ, ಪೇಪರಲ್ಲಿ ಫೋಟೋ ಬರುತ್ತೆ. ಆ ಸಭೆಯ ನಡಾವಳಿ ನಿಮ್ಮಲ್ಲಿ ಎಷ್ಟು ಜನ ಓದಿದ್ದೀರ? ನಾನು ಇಷ್ಟು ವರ್ಷ ಚಳವಳಿಯಲ್ಲಿದ್ದೂ ಒಂದೇ ಒಂದು ಸಲ ಕೇಳಿರಲಿಲ್ಲ. ಅದು ನನ್ನ ತಪ್ಪು. ಗ್ರಾಮ ಪಂಚಾಯ್ತಿ ಬಿಲ್ಲು, ಕಾಲೋನಿ ರಸ್ತೆ ಟೆಂಡರು ಎಲ್ಲಾ ಕೆದಕಿದ್ದೀವಿ, ಆಸ್ಪತ್ರೆ ಸಮಿತಿಯ ಲೆಕ್ಕ ಮಾತ್ರ ಮುಟ್ಟಿಲ್ಲ.

ನಮ್ಮ ಜನಕ್ಕೆ ಆಸ್ಪತ್ರೆ ಅಂದ್ರೆ ಮೊದಲು ದಾರಿ. ಕಟ್ಟಡ ಆಮೇಲೆ. ಮನೆಯಿಂದ ಮುಖ್ಯರಸ್ತೆಗೆ, ಅಲ್ಲಿಂದ ಬಸ್ಸಿಗೆ, ಬಸ್ಸಿಂದ ಗೇಟಿಗೆ, ಗೇಟಿಂದ ಬಾಗಿಲಿಗೆ. ದೊಡ್ಡಬೆಳವಂಗಲ ಹೋಬಳಿ ಕೇಂದ್ರ, ಸುತ್ತಮುತ್ತ ಹಳ್ಳಿಯವರು ಮೊದಲು ಬರೋದು ಇಲ್ಲಿಗೆ. ಇಲ್ಲಿ ಆಗದ್ದಕ್ಕೆ ದೊಡ್ಡಬಳ್ಳಾಪುರ. ಅಲ್ಲೂ ಆಗದಿದ್ರೆ? "ಬೆಂಗಳೂರಿಗೆ ಕರ್ಕೊಂಡು ಹೋಗಿ." ಈ ಒಂದು ವಾಕ್ಯ ನಮ್ಮ ಎಷ್ಟು ಮನೆಗಳ ಹಸು, ಓಲೆ, ಚೀಟಿ ದುಡ್ಡು ಕರಗಿಸಿದೆ ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆ ಆಗಿದ್ದು 1986ರಲ್ಲಿ. ಆಗಿ ಎಷ್ಟೋ ವರ್ಷ ಡಿ.ಸಿ. ಆಫೀಸೇ ಬೆಂಗಳೂರಿನಲ್ಲಿತ್ತು, ಪಹಣಿ ಕೆಲಸಕ್ಕೂ ಮೆಜೆಸ್ಟಿಕ್‌ನಲ್ಲಿ ಇಳಿದು ಹೋಗ್ತಿದ್ವಿ. ದೇವನಹಳ್ಳಿ ಹತ್ರ ಜಿಲ್ಲಾಡಳಿತ ಭವನ ಬಂತು, ಸಂತೋಷ. ಆದ್ರೆ ಸರ್ಕಾರಿ ಮೆಡಿಕಲ್ ಕಾಲೇಜು ಇಲ್ಲದ ಜಿಲ್ಲೆಗಳ ಪಟ್ಟಿ ತೆಗೆದಾಗಲೆಲ್ಲಾ ನಮ್ಮ ಜಿಲ್ಲೆ ಹೆಸರು ಇದ್ದೇ ಇತ್ತು. ಪಕ್ಕದಲ್ಲೇ ಬೆಂಗಳೂರು ಇದೆಯಲ್ಲ ಅನ್ನೋದು ಅವರ ಉತ್ತರ. ವಿಮಾನ ನಿಲ್ದಾಣಕ್ಕೆ ಜಾಗ ಬೇಕಾದಾಗ, ಕೈಗಾರಿಕೆಗೆ ಜಮೀನು ಬೇಕಾದಾಗ ನಾವು ಬೆಂಗಳೂರು. ಆಸ್ಪತ್ರೆ ಕೇಳಿದ್ರೆ ಗ್ರಾಮಾಂತರ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸಚಿವ ಸಂಪುಟ ಕೂತು ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡೋಕೆ ತೀರ್ಮಾನ ಮಾಡಿತು. ಹೆಸರು ಏನಾದ್ರೂ ಇಟ್ಕೊಳ್ಳಿ.

ಬೆಂಗಳೂರಿಗೆ ಹೋದ ಮೇಲೂ ಸುಮ್ಮನೆ ಬಿಡಲ್ಲ. 2024ರ ನವೆಂಬರ್‌ನಲ್ಲಿ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಇರೋ ಬೆಂಗಳೂರು ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ದರ ಏರಿಸಿದ್ರು. ಹೊರರೋಗಿ ಚೀಟಿ 10 ಇದ್ದಿದ್ದು 20, ಒಳರೋಗಿ ದಾಖಲಾತಿ 25 ಇದ್ದಿದ್ದು 50. ಸಣ್ಣ ಮೊತ್ತ ಅಂದ್ರು ಆವಾಗಲೂ. ಸಣ್ಣ ಮೊತ್ತ ಅನ್ನೋರು ಒಂದು ಲೆಕ್ಕ ಮಾಡಲಿ: ಚೀಟಿ, ಪಾರ್ಕಿಂಗ್, ಜೆರಾಕ್ಸ್, ಬಸ್ ಚಾರ್ಜು, ಟೀ-ಬನ್ನು, ಟ್ರಾಲಿ ತಳ್ಳಿದವನ ಕೈಗೆ ಇಟ್ಟಿದ್ದು, ಮತ್ತು ಎಲ್ಲಕ್ಕಿಂತ ದೊಡ್ಡದು, ಜೊತೆಗೆ ಬಂದವನ ಆ ದಿನದ ಕೂಲಿ. ಉಚಿತ ಚಿಕಿತ್ಸೆ ಅಂದ್ರೆ ಇದು.

ಪಕ್ಕದ ತುಮಕೂರಿನಲ್ಲಿ 2022ರ ನವೆಂಬರ್‌ನಲ್ಲಿ ನಡೆದಿದ್ದು ನೀವು ಮರೆತಿರಲಾರಿರಿ. ಅಕ್ಕಪಕ್ಕದವರು ದುಡ್ಡು ಹಾಕಿ ಆಟೋದಲ್ಲಿ ಒಬ್ಬ ಗರ್ಭಿಣಿ ತಾಯಿಯನ್ನ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋದ್ರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ದಾಖಲು ಮಾಡ್ಕೊಳ್ಳಲಿಲ್ಲ. ವಾಣಿವಿಲಾಸಕ್ಕೆ ಹೋಗಿ ಅಂದ್ರು. ವಾಪಸ್ ಮನೆಗೆ ಬಂದ್ರು. ಮನೆಯಲ್ಲೇ ಹೆರಿಗೆ ಆಗಿ ತಾಯಿ, ಅವಳಿ ಮಕ್ಕಳು ಮೂವರೂ ಹೋದ್ರು. ಡಾಕ್ಟ್ರು, ನರ್ಸ್‌ಗಳು ಸಸ್ಪೆಂಡ್ ಆದ್ರು. ತುರ್ತಿಗೆ ದಾಖಲೆ ಕೇಳಬೇಡಿ ಅಂತ ಸುತ್ತೋಲೆ ಬಂತು. ಸುಪ್ರೀಂ ಕೋರ್ಟ್ 1996ರಲ್ಲೇ ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿಯ ಕೇಸಿನಲ್ಲಿ, ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ನಿರಾಕರಿಸಿದ್ರೆ ಅದು ಬದುಕುವ ಹಕ್ಕಿನ ಉಲ್ಲಂಘನೆ ಅಂತ ಹೇಳಿತ್ತು. ಕೂಲಿಕಾರರ ಸಂಘಟನೆ ಗೆದ್ದ ಕೇಸು ಅದು, ನೆನಪಿರಲಿ. 2024ರ ಸೆಪ್ಟೆಂಬರ್‌ನಲ್ಲಿ ಅದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ವೈ.ಎನ್. ಹೊಸಕೋಟೆಯಲ್ಲಿ ತೀರಿಹೋದ ತಂದೆಯ ಶವವನ್ನ ಮಕ್ಕಳು ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಹೋದ್ರು. 108 ಹೆಣ ಸಾಗಿಸಲ್ಲ, ಬೇರೆ ಗಾಡಿ ಸಿಗಲಿಲ್ಲ.

ಬೈಕು. ನೋಡಿ, ಬಡವರ ಆಂಬುಲೆನ್ಸೂ ಅದೇ, ಶವವಾಹನವೂ ಅದೇ. ಅದಕ್ಕೆ ಹತ್ತು ರೂಪಾಯಿ ಹಾಕಿ ಶವಾಗಾರದ ಹಿಂದೆ ನಿಲ್ಲಿಸಿ ಅಂದಾಗ ಸಿಟ್ಟು ಬಂದಿದ್ದು.

ಕೆಲವು ಹುಡುಗರು ಇದನ್ನ ಅಟ್ರಾಸಿಟಿ ಕೇಸ್ ಮಾಡೋಣ ಅಂದ್ರು. ಬೇಡ. 2015ರ ತಿದ್ದುಪಡಿಯಲ್ಲಿ ನಮ್ಮನ್ನ ಆಸ್ಪತ್ರೆ, ದವಾಖಾನೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರದ ಹಾಗೆ ತಡೆಯೋದು ಅಪರಾಧ ಅಂತ ಸೇರಿಸಿದ್ದಾರೆ, ನಿಜ. ಆದ್ರೆ ಆ ಗೇಟಲ್ಲಿ ನನ್ನ ಜಾತಿ ಯಾರೂ ಕೇಳಲಿಲ್ಲ. ಕೇಸು ನಿಲ್ಲಲ್ಲ, ಸಿಗೋದು ಮತ್ತೆ ಆ ಹುಡುಗನೇ. ಕಾನೂನನ್ನ ಎಲ್ಲಿ ಎತ್ತಬೇಕೋ ಅಲ್ಲಿ ಎತ್ತೋಣ.

ಇನ್ನೊಂದು ಇತಿಹಾಸ ಇದಕ್ಕೆ ಹತ್ತಿರ ಇದೆ. 1923ರ ಆಗಸ್ಟ್‌ನಲ್ಲಿ ಮುಂಬೈ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರು ಒಂದು ನಿರ್ಣಯ ಪಾಸು ಮಾಡಿಸಿದ್ರು. ಸಾರ್ವಜನಿಕ ಹಣದಲ್ಲಿ ಕಟ್ಟಿ ನಡೆಸೋ ಕೆರೆ, ಬಾವಿ, ಧರ್ಮಶಾಲೆ, ಜೊತೆಗೆ ಶಾಲೆ, ಕೋರ್ಟು, ಕಚೇರಿ, ದವಾಖಾನೆ ಎಲ್ಲಾ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಾವು ಕೆರೆ ನೆನಪಿಟ್ಕೊಂಡಿದ್ದೀವಿ, ಆ ಪಟ್ಟಿಯಲ್ಲಿದ್ದ ದವಾಖಾನೆ ಮರೆತಿದ್ದೀವಿ. ಮಹಾಡ್ ಪುರಸಭೆ ಈ ನಿರ್ಣಯ ಒಪ್ಪಿ ಕೆರೆ ತೆರೆದಿದೆ ಅಂತ ಕಾಗದದಲ್ಲಿ ಬರೆದಿತ್ತು. ಆದ್ರೂ ನೀರು ಮುಟ್ಟೋಕೆ ಆಗಲಿಲ್ಲ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಚವದಾರ್ ಕೆರೆ ನೀರು ಕುಡಿದರು. ಕಾಗದದಲ್ಲಿ ತೆರೆದಿದ್ದಕ್ಕೂ ಕಾಲಿಗೆ ದಾರಿ ಸಿಕ್ಕಿದ್ದಕ್ಕೂ ನಡುವೆ ಅಷ್ಟು ವರ್ಷ.

ಎದುರು ವಾದ ಇಲ್ಲ ಅಂತಲ್ಲ. ನಮ್ಮ ಸ್ನೇಹಿತರೊಬ್ಬರು ಆರೋಗ್ಯ ಇಲಾಖೆಯಲ್ಲಿದ್ದಾರೆ, ಅವರು ಹೇಳಿದ್ದು: ಫ್ರೀ ಬಿಟ್ರೆ ಸಂತೆಗೆ ಬಂದೋರು, ಬಸ್ಸು ಹತ್ತೋರು ಎಲ್ಲಾ ಆಸ್ಪತ್ರೆ ಆವರಣದಲ್ಲೇ ಗಾಡಿ ಬಿಟ್ಟು ಹೋಗ್ತಾರೆ, ಆಂಬುಲೆನ್ಸ್ ತಿರುಗಿಸೋಕೆ ಜಾಗ ಇರಲ್ಲ, ಬೈಕ್ ಕಳ್ಳತನ ಆದ್ರೆ ಕೇಳೋರು ಯಾರು? ನ್ಯಾಯವಾದ ಮಾತು. ಕಾವಲು ಬೇಕು, ಶಿಸ್ತು ಬೇಕು. ಆದ್ರೆ ಅದಕ್ಕೆ ದಾರಿ ಇದೆ. ಓಪಿಡಿ ಚೀಟಿ ತೋರಿಸಿದವರಿಗೆ ಉಚಿತ, ಸಂತೆಯವರಿಗೆ ದುಡ್ಡು. ಒಳರೋಗಿ ಕಡೆಯವರಿಗೆ ಒಂದು ಪಾಸು. ತುರ್ತಿಗೆ ಬಂದವರನ್ನ ಮೊದಲು ಒಳಗೆ ಬಿಡಿ, ಗಾಡಿ ಆಮೇಲೆ ತೆಗೀತಾರೆ. ಬ್ರಿಟನ್ನಿನಲ್ಲಿ ವೇಲ್ಸ್ ಮತ್ತು ಸ್ಕಾಟ್ಲೆಂಡ್ 2008ರಲ್ಲೇ ಸರ್ಕಾರಿ ಆಸ್ಪತ್ರೆ ಪಾರ್ಕಿಂಗ್ ಶುಲ್ಕ ತೆಗೆಯೋಕೆ ಹೊರಟವು. ಸ್ಕಾಟ್ಲೆಂಡ್‌ನಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದ ಮೂರು ಆಸ್ಪತ್ರೆಗಳಲ್ಲಿ ಮಾತ್ರ 2021ರ ತನಕ ಎಳೆದಾಡಿತು, ಕೊನೆಗೆ ಸರ್ಕಾರವೇ ಆ ಗುತ್ತಿಗೆಯನ್ನ ಕೊಂಡುಕೊಂಡಿತು. ಒಮ್ಮೆ ಗೇಟನ್ನ ಗುತ್ತಿಗೆಗೆ ಕೊಟ್ರೆ ವಾಪಸ್ ಪಡೆಯೋದು ಅಲ್ಲೂ ಸುಲಭ ಆಗಿಲ್ಲ.

ಇನ್ನು ಗಾಡಿಯೇ ಇಲ್ಲದವರು. ಅವರೇ ಹೆಚ್ಚು, ಅವರ ಬಗ್ಗೆ ಪಾರ್ಕಿಂಗ್ ಚರ್ಚೆಯಲ್ಲಿ ಯಾರೂ ಮಾತಾಡಲ್ಲ. ಆಟೋದಲ್ಲಿ ಬಂದ ಬಸುರಿಯನ್ನ ಬಾಗಿಲ ತನಕ ಬಿಡೋಕೆ ಒಂದು ಆಟೋ ಅಗಲದ ಜಾಗ ಬೇಕು. ಬಸ್ ಸ್ಟಾಪಿಂದ ಗೇಟಿಗೆ ನೆರಳು ಬೇಕು. ವೀಲ್‌ಚೇರ್ ಗೇಟಲ್ಲಿ ಇರಬೇಕು, ಆಧಾರ್ ಅಡ ಇಲ್ಲದೆ. ನಮ್ಮ ಕೇರಿಗಳಲ್ಲೂ ಇದೇ ಕಥೆ: ಸಿಸಿ ರಸ್ತೆ ಆಗಿದೆ, ಕಲ್ಲು ಹಾಕಿದ್ದಾರೆ, ಆದ್ರೆ ಕೊನೇ ಮನೆ ಹತ್ರ ಗಾಡಿ ತಿರುಗಿಸೋಕೆ ಆಗಲ್ಲ, ರೋಗಿಯನ್ನ ಮಂಚದ ಸಮೇತ ಮುಖ್ಯರಸ್ತೆಗೆ ಹೊತ್ತು ತರ್ತೀವಿ.

ಹಾಗಾಗಿ ಕೆಲಸದ ಮಾತು. ಪ್ರತಿಭಟನೆಗೆ ಮೊದಲು ಕಾಗದ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಅಂದ್ರೆ ಒಂದು ಪಾರ್ಕಿಂಗ್ ರಸೀದಿಯಷ್ಟೇ. ಬಿಪಿಎಲ್‌ನವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಸೇರಿಸಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು, ಇಲ್ಲದಿದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಆದ್ದರಿಂದ ಬಿಡಿ ಬಿಡಿಯಾಗಿ ಹಾಕ್ತಿದ್ದೀವಿ. ಪಾರ್ಕಿಂಗ್ ಗುತ್ತಿಗೆ ಆದೇಶದ ಪ್ರತಿ ಮತ್ತು ದರಪಟ್ಟಿ. ಆ ಹಣ ಯಾವ ಖಾತೆಗೆ ಬಂತು, ಯಾವುದಕ್ಕೆ ಖರ್ಚಾಯ್ತು. ಆರೋಗ್ಯ ರಕ್ಷಾ ಸಮಿತಿಯ ಕಳೆದ ಮೂರು ವರ್ಷದ ನಡಾವಳಿ, ಸದಸ್ಯರ ಪಟ್ಟಿ, ಅದರಲ್ಲಿ ನಮ್ಮವರು ಯಾರಿದ್ದಾರೆ. ಇದರಲ್ಲಿ ಎಷ್ಟೋ ಮಾಹಿತಿ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ನಾವು ಕೇಳದೆಯೇ ಅವರಾಗಿ ಪ್ರಕಟಿಸಬೇಕು. ಮೂವತ್ತು ದಿನ ಕಾಯೋಣ.

ನಿಮ್ಮ ನಿಮ್ಮ ತಾಲ್ಲೂಕಲ್ಲೂ ಇದೇ ಅರ್ಜಿ ಹಾಕಿ, ಒಕ್ಕಣೆ ಬೇಕಾದ್ರೆ ಕೇಳಿ, ಕಳಿಸ್ತೀನಿ. ಹಳೇ ರಸೀದಿ ಇದ್ರೆ ಬಿಸಾಕಬೇಡಿ, ಫೋಟೋ ತೆಗೆದು ಇಟ್ಕೊಳ್ಳಿ. ಗೇಟಲ್ಲಿ ನಿಂತವರ ಮುಖದ ವಿಡಿಯೋ ಮಾತ್ರ ದಯವಿಟ್ಟು ಬೇಡ.

ಆ ಹುಡುಗನನ್ನ ಮತ್ತೆ ಹೋಗಿ ನೋಡಿದೆ. ಕ್ಷಮೆ ಕೇಳಿದೆ, ಟೀ ಕುಡಿದ್ವಿ. ಬೆಳಗ್ಗೆ ಏಳಕ್ಕೆ ಬಂದ್ರೆ ರಾತ್ರಿ ಎಂಟಾಗುತ್ತಂತೆ. ಪಿಎಫ್ ಇಲ್ಲ, ಇಎಸ್‌ಐ ಕಾರ್ಡ್ ಇಲ್ಲ. ಹೋದ ವಾರ ಜ್ವರ ಬಂದಾಗ ಅದೇ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಲ್ಲಿ ನಿಂತಿದ್ದನಂತೆ, ಅಷ್ಟು ಹೊತ್ತಿನ ಕೂಲಿ ಕತ್ತರಿಸಿದ್ರಂತೆ. ಪಾರ್ಕಿಂಗ್ ಕೆಲಸಗಾರರಿಗೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಕಟ್ಟಿದ ದಾಖಲೆ ಕೊಡಿ ಅಂತ ಇನ್ನೊಂದು ಅರ್ಜಿ ಬರೆದಿದ್ದೀನಿ. ಎಲ್ಲವನ್ನೂ ಸೋಮವಾರ ಬೆಳಗ್ಗೆ ಕೊಡ್ತೀವಿ, ಬರೋರು ಬನ್ನಿ. ಬೈಕ್ ಹೊರಗೇ ನಿಲ್ಲಿಸಿ.